ಕಪ್ಪಿನೊಳಗಣ ಆರು ಮುಖಗಳು

ಈ ಸಂಚಿಕೆಗಾಗಿ ಶಾಲೆಯ ಹಳೆಯ ಛಾಯಾಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಸೇರಿಸುತ್ತಿದ್ದ ದಿವಸಗಳಲ್ಲಿ ನನ್ನಿಂದಾದ ಒಂದು ತಪ್ಪನ್ನು ಪೂರ್ವವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅರಿಕೆಮಾಡಿಕೊಳ್ಳಬೇಕಾಗಿದೆ.

ಹಲಸೂರಿನಿಂದ ಒಬ್ಬ ಹೆಣ್ಣುಮಗಳು ನನ್ನ ಕೊಠಡಿಗೆ ಬಂದರು. ಅವರ ತಾಯಿ ಇಲ್ಲಿಯೇ ಓದಿದವರು. ಹೋದ ವರ್ಷ ತೀರಿಕೊಂಡರು. ತಾಯಿಯ ಬಾಲ್ಯದ ಚಿತ್ರವೊಂದೂ ಮನೆಯಲ್ಲಿಲ್ಲ. "ಹಿಂದಿನ ಸಾಲಿನಲ್ಲಿ, ಮರದ ಕೆಳಗೆ ನಿಂತಿದ್ದೆನೆಂದು ಅಮ್ಮ ಹೇಳುತ್ತಿದ್ದರು, ಮೇಡಂ" ಎಂದರು. ಮೂಲಪಟವನ್ನು ಅದರ ಒಡತಿಯಾದ ಕೆ.ಆರ್. ಪುರದ ಹಿರಿಯರಿಗೆ ಆಗಲೇ ಹಿಂದಿರುಗಿಸಿದ್ದೆವು. ಆದುದರಿಂದ ನನ್ನ ಮೇಜಿನ ಮಾನಿಟರಿನಲ್ಲಿ ಅದರ ಪ್ರತಿಯನ್ನು ತೆರೆದೆನು. ಮುಂದಿನ ಸಾಲಿನ ಉಪಾಧ್ಯಾಯಿನಿಯರ ಬಿಳಿಯ ಸೀರೆಗಳು ಸುಣ್ಣ ಬಳಿದ ಗೋಡೆಯಂತೆ ಒಂದಾಗಿದ್ದವು. ನೆರಳಿನಲ್ಲಿದ್ದ ಹಿಂದಿನ ಸಾಲಾದರೋ ಮಸಿ ಚೆಲ್ಲಿದಂತಿತ್ತು. ಬ್ರೈಟ್‌ನೆಸ್ಸನ್ನು ತುದಿಯವರೆಗೆ ಏರಿಸಿದೆನು. ಕಣ್ಣು ಕುಕ್ಕಿತೇ ಹೊರತು ಒಂದು ಮುಖವೂ ಮೂಡಲಿಲ್ಲ. "ಪಟವೇ ಕೆಟ್ಟಿದೆಯಮ್ಮ" ಎಂದು ಹೇಳಿ ಅವರನ್ನು ಕಳುಹಿಸಿಬಿಟ್ಟೆನು. ಅಚ್ಚಿಗೆ ಕೊಡುವಾಗ ಆ ಸಾಲನ್ನು ಕತ್ತರಿಸತಕ್ಕದ್ದೆಂದು ಗುರುತನ್ನೂ ಮಾಡಿದೆನು.

ಅದೇ ಸಾಯಂಕಾಲ ಕಂಪ್ಯೂಟರ್ ಉಪಾಧ್ಯಾಯಿನಿ ಅದೇ ಪ್ರತಿಯನ್ನು ತಮ್ಮ ಕೊಠಡಿಯ ಮಾನಿಟರಿನಲ್ಲಿ ತೆರೆದು ನನ್ನನ್ನು ಕರೆದರು. ಮರದ ಕೆಳಗೆ ಮಬ್ಬಾಗಿ ಆರು ಮುಖಗಳಿದ್ದವು!

ಕಾರಣವನ್ನು ಅವರು ವಿವರಿಸಿದರು. ಕಂಪ್ಯೂಟರು ಸಾಮಾನ್ಯವಾಗಿ ಅಚ್ಚಕಪ್ಪಿಗೆ 0, ಅಚ್ಚಬಿಳುಪಿಗೆ 255 ಎಂದು ಅಂಕವಿಟ್ಟು ಛಾಯೆಗಳನ್ನು 256 ಮೆಟ್ಟಿಲುಗಳಾಗಿ ಹಂಚುತ್ತದೆ. ಟೆಲಿವಿಷನ್ನಿನ ರೂಢಿ ಬೇರೆ; 1982ರ ಅಂತರರಾಷ್ಟ್ರೀಯ ನಿಯಮದಂತೆ ಅಲ್ಲಿ ಕಪ್ಪು 16ರಲ್ಲಿಯೂ ಬಿಳುಪು 235ರಲ್ಲಿಯೂ ಇರುತ್ತವೆ. ಎಚ್‌ಡಿಎಂಐ ತಂತಿಯಲ್ಲಿ ಎರಡು ರೂಢಿಗಳೂ ಸಾಗಬಲ್ಲವು. ಕಂಪ್ಯೂಟರು ಮೊದಲನೆಯ ರೂಢಿಯಂತೆ ಕಳುಹಿಸಿದುದನ್ನು ಮಾನಿಟರು ಎರಡನೆಯದೆಂದು ತಿಳಿದರೆ, 16ಕ್ಕೆ ಕೆಳಗಿನವೆಲ್ಲ ಒಂದೇ ಕಪ್ಪಾಗಿಯೂ 235ಕ್ಕೆ ಮೇಲಿನವೆಲ್ಲ ಒಂದೇ ಬಿಳುಪಾಗಿಯೂ ಕಾಣುವುವು. ಇದಕ್ಕೆ ವಿಪರೀತವಾದರೆ ಕಪ್ಪು ಬೂದಿಯ ಬಣ್ಣ ತಾಳುವುದು. ಪ್ರತಿಗೆ ಮಾತ್ರ ಯಾವ ಕೇಡೂ ಇರುವುದಿಲ್ಲ.

ನಾನು ಏರಿಸಿದ ಬ್ರೈಟ್‌ನೆಸ್ಸಿನ ಮಾತೇನು? ಹಳೆಯ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಆ ಹೆಸರಿನ ಗುಂಡಿಯೇ ಕಪ್ಪಿನ ಮಟ್ಟವನ್ನು ಏರಿಸಿ ಇಳಿಸುತ್ತಿತ್ತು. ನಾನು ಕಲಿತದ್ದು ಅವುಗಳ ಮೇಲೆಯೇ. ಈಗಿನ ಎಲ್‌ಸಿಡಿ ಪರದೆಗಳಲ್ಲಿ ಅದು ಸಾಮಾನ್ಯವಾಗಿ ಹಿಂದಣ ದೀಪವನ್ನು ಹೆಚ್ಚಿಸುವುದಷ್ಟೇ. ಒಂದಾಗಿ ಹೋದ ಛಾಯೆಗಳನ್ನು ಬೇರ್ಪಡಿಸಲಾರದು. ಹೆಸರು ಉಳಿದು ಕೆಲಸ ಬದಲಾದದ್ದು ನನಗೆ ತಿಳಿಯದೆ ಹೋಯಿತು.

ನನ್ನ ಮಾನಿಟರಿನ ಮೆನುವಿನಲ್ಲಿ 'ಆರ್‌ಜಿಬಿ ರೇಂಜ್' ಎಂಬಲ್ಲಿ 'ಲಿಮಿಟೆಡ್' ಎಂದಿದ್ದುದನ್ನು ಅವರು 'ಫುಲ್' ಎಂದು ಬದಲಾಯಿಸಿದರು. ಕೆಲವು ಮಾನಿಟರುಗಳಲ್ಲಿ ಇದೇ 'ಬ್ಲ್ಯಾಕ್ ಲೆವೆಲ್' ಎಂದಿರುವುದುಂಟು. ಹೇಗಿದ್ದರೂ ಕಂಪ್ಯೂಟರಿನಲ್ಲಿಯೂ ಮಾನಿಟರಿನಲ್ಲಿಯೂ ರೂಢಿ ಒಂದೇ ಆಗಿರಬೇಕು. ಕೂಡಲೆ ಸೀರೆಗಳ ನೆರಿಗೆಗಳೂ ಎಣಿಸಲು ಬಂದವು.

ಹಲಸೂರಿನವರಿಗೆ ಫೋನುಮಾಡಿ ಕ್ಷಮೆ ಬೇಡಿದೆನು. ಅವರು ಶನಿವಾರ ಬಂದು, ಬಹಳ ಹೊತ್ತು ಮಾತಿಲ್ಲದೆ ನೋಡಿ, ಎಡಗಡೆಯಿಂದ ಮೂರನೆಯ ಹುಡುಗಿಯ ಮೇಲೆ ಬೆರಳಿಟ್ಟರು. "ಎರಡು ಜಡೆ ಹಾಕಿಕೊಳ್ಳುತ್ತಿದ್ದರೇ!" ಎಂದರು.

ಆ ಪಟವನ್ನು ಕತ್ತರಿಸದೆ ಈ ಸಂಚಿಕೆಯಲ್ಲಿ ಅಚ್ಚುಹಾಕಿಸಿದ್ದೇವೆ. ಉಳಿದ ಐವರನ್ನು ಗುರುತಿಸಬಲ್ಲವರು ದಯವಿಟ್ಟು ಶಾಲೆಗೆ ಬರೆಯಬೇಕಾಗಿ ಕೋರುತ್ತೇನೆ.