ಚೀಟಿಯಲ್ಲಿ ಇಲ್ಲದ ಅಂಕಿ

ಚೀಟಿ
ಕಣ್ಣಿನ ಡಾಕ್ಟರು ಕೊಟ್ಟ ಚೀಟಿ ನೋಡಿಕೊಂಡು ಆನ್‌ಲೈನ್ ಅಂಗಡಿಯ ಖಾನೆಗಳನ್ನು ತುಂಬುತ್ತ ಹೋದೆ. ಸ್ಫಿಯರ್ ಸಿಕ್ಕಿತು, ಸಿಲಿಂಡರ್ ಸಿಕ್ಕಿತು, ಆಕ್ಸಿಸ್ ಸಿಕ್ಕಿತು. ಓದುವುದಕ್ಕೆ ಬೇಕಾದ ಆ್ಯಡ್ ಕೂಡ ಇತ್ತು. ಮುಂದಿನ ಖಾನೆ ಪಿ.ಡಿ., ಅಂದರೆ ಎರಡು ಕಣ್ಣುಪಾಪೆಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಚೀಟಿಯ ಹಿಂದೆ ಮುಂದೆ ಎಲ್ಲೂ ಅದಿಲ್ಲ. ಮನೆಯಲ್ಲಿ ಎತ್ತಿಟ್ಟ ಹಳೆಯ ಚೀಟಿಗಳಲ್ಲೂ ಇಲ್ಲ. ಕನ್ನಡಕ ಮಾಡಲು ಬೇಕೇ ಬೇಕಾದ ಅಂಕಿ, ಕನ್ನಡಕಕ್ಕೆಂದೇ ಬರೆದ ಚೀಟಿಯಲ್ಲಿ ಯಾಕಿಲ್ಲ?

ಸ್ಕೇಲು
ಬಡಾವಣೆಯ ಕನ್ನಡಕದಂಗಡಿಯಲ್ಲಿ ಹೊತ್ತು ಕಳೆದೆ. ವಯಸ್ಸಾದ ಹೆಂಗಸೊಬ್ಬರು ಫ್ರೇಮ್ ಆರಿಸಿದರು. ಅಂಗಡಿಯವರು ಎದುರು ಕುಳಿತು ಅವರ ಮೂಗಿನ ಮೇಲೆ ಪುಟ್ಟ ಸ್ಕೇಲು ಹಿಡಿದು, “ಅಮ್ಮಾ, ನನ್ನ ಈ ಕಣ್ಣು ನೋಡಿ... ಈಗ ಈ ಕಡೆಯದು” ಎಂದು ಅಳೆದರು. ಬಿಲ್ಲಿನ ಮೂಲೆಯಲ್ಲಿ ಏನೋ ಗೀಚಿಕೊಂಡರು. ಆ ಗೀಚಿದ್ದೇ ಪಿ.ಡಿ.

ಡಾಕ್ಟರು ಅಳೆಯುವುದು ನೋಟವನ್ನು, ಅಂಗಡಿಯವರು ಅಳೆಯುವುದು ಮುಖವನ್ನು. ಎರಡನೆಯ ಅಳತೆ ಅಂಗಡಿಯ ಪಾಲಿನ ಕೆಲಸವಾಗಿದ್ದರಿಂದ ಚೀಟಿಗೆ ಬರಲೇ ಇಲ್ಲ. ಈಗ ಅಂಗಡಿಯೇ ಫೋನಿನೊಳಕ್ಕೆ ಹೋಗಿದೆ. ಮುಖ ಅಳೆಯುವ ಕೆಲಸ ಗಿರಾಕಿಯ ತಲೆಗೆ ಬಂದಿದೆ.

62 ಮತ್ತು 66
ಈ ಅಂಕಿ ನಾಲ್ಕು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಏನಾಗುತ್ತದೆ? ಪಿ.ಡಿ. 62 ಇರುವವರಿಗೆ 66 ಎಂದುಕೊಂಡು ಗಾಜು ಕೂರಿಸಿದರೆ ಒಂದೊಂದು ಕಣ್ಣಿಗೂ 2 ಮಿ.ಮೀ. ತಪ್ಪು. ಇದಕ್ಕೆ ಪ್ರೆಂಟಿಸ್ ನಿಯಮ ಎಂಬ ಸರಳ ಲೆಕ್ಕವಿದೆ: ಗಾಜಿನ ನಡುಬಿಂದು ಎಷ್ಟು ಸೆಂಟಿಮೀಟರ್ ಸರಿದಿದೆಯೋ ಅದನ್ನು ಪವರಿನಿಂದ ಗುಣಿಸಬೇಕು. ಬರುವ ಉತ್ತರವೇ ಗಾಜು ಬೆಳಕನ್ನು ಪಕ್ಕಕ್ಕೆ ತಳ್ಳುವ ಪ್ರಮಾಣ, ಪ್ರಿಸಂ.

ಪವರ್ 1 ಇದ್ದರೆ ಎರಡು ಕಣ್ಣಿಗೂ ಸೇರಿ 0.4 ಪ್ರಿಸಂ. ಪವರ್ 6 ಇದ್ದರೆ 2.4. ಅಂದರೆ ಒಂದು ಮೀಟರ್ ದೂರದಲ್ಲಿ ಎರಡು ಕಣ್ಣಿನ ಬಿಂಬಗಳು 2.4 ಸೆಂ.ಮೀ. ಬೇರೆಯಾಗಿ ನಿಲ್ಲುತ್ತವೆ. ಅವೆರಡನ್ನೂ ಒಂದು ಮಾಡಲು ಕಣ್ಣಿನ ಸ್ನಾಯುಗಳು ದಿನವಿಡೀ ಎಳೆದಾಡಬೇಕು. ಸಂಜೆಯ ತಲೆನೋವಿಗೆ ಇದೂ ಒಂದು ಕಾರಣವಾಗಬಹುದು. ಒಂದೇ ತಪ್ಪು ಒಬ್ಬರಿಗೆ ಗೊತ್ತೇ ಆಗುವುದಿಲ್ಲ, ಇನ್ನೊಬ್ಬರಿಗೆ ಕನ್ನಡಕ ಹಾಕಲೇ ಆಗುವುದಿಲ್ಲ. ಆನ್‌ಲೈನ್ ಕನ್ನಡಕದ ಬಗ್ಗೆ ಒಬ್ಬರು ಹೊಗಳುವುದು, ಇನ್ನೊಬ್ಬರು ಬಯ್ಯುವುದು ಯಾಕೆಂದು ಇಲ್ಲಿ ಸ್ವಲ್ಪ ಅರ್ಥವಾಯಿತು.

ಹಣೆಯ ಮೇಲೆ ಕಾರ್ಡು
ಕೆಲವು ತಾಣಗಳು ಎ.ಟಿ.ಎಂ. ಕಾರ್ಡನ್ನು ಹಣೆಗೆ ಹಿಡಿದು ಫೋಟೊ ತೆಗೆಯಲು ಹೇಳುತ್ತವೆ. ಈ ಕಾರ್ಡುಗಳ ಉದ್ದ ಎಲ್ಲ ಕಡೆಯೂ 85.6 ಮಿ.ಮೀ. ಅದನ್ನೇ ಅಳತೆಗೋಲು ಮಾಡಿಕೊಂಡು ಪಾಪೆಗಳ ಅಂತರ ಲೆಕ್ಕ ಹಾಕುತ್ತಾರೆ. ಜಾಣ ಉಪಾಯ. ಆದರೆ ಹತ್ತಿರ ನೋಡುವಾಗ ಪಾಪೆಗಳು ಒಳಕ್ಕೆ ಸರಿಯುತ್ತವೆ, ಓದುವ ಪಿ.ಡಿ. ದೂರದ ಪಿ.ಡಿ.ಗಿಂತ ಸುಮಾರು 3 ಮಿ.ಮೀ. ಕಡಿಮೆ. ಫೋನನ್ನೇ ದಿಟ್ಟಿಸುತ್ತ ತೆಗೆದ ಫೋಟೊದಲ್ಲಿ ಸಿಗುವುದು ಹತ್ತಿರದ ನೋಟದ ಕಣ್ಣು. ಅದನ್ನು ದೂರದ ಅಳತೆಗೆ ತಿದ್ದಿಕೊಂಡಿದ್ದಾರೆಯೇ ಎಂದು ಕೊಳ್ಳುವವರು ಕೇಳಿ ತಿಳಿಯಲೇಬೇಕು.

ಪ್ರೊಗ್ರೆಸಿವ್
ಪ್ರೊಗ್ರೆಸಿವ್ ಗಾಜಿನ ಲೆಕ್ಕವೇ ಬೇರೆ. ದೂರದ್ದು, ನಡುವಿನದು, ಓದುವುದು ಎಲ್ಲ ಒಂದೇ ಗಾಜಿನಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಆರಿಸಿದ ಫ್ರೇಮನ್ನು ಮೂಗಿನ ಮೇಲೆ ಕೂರಿಸಿ, ಪಾಪೆ ಯಾವ ಎತ್ತರಕ್ಕೆ ಬರುತ್ತದೆಂದು ಗಾಜಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಬೇಕು. ಬಲಗಣ್ಣು ಎಡಗಣ್ಣುಗಳ ಅಂತರವನ್ನು ಮೂಗಿನ ನಡುವಿನಿಂದ ಬೇರೆ ಬೇರೆ ಅಳೆಯಬೇಕು. ಫ್ರೇಮೇ ಇನ್ನೂ ಕೈಗೆ ಬಾರದಿರುವಾಗ ಈ ಗುರುತನ್ನು ಎಲ್ಲಿ ಹಾಕುವುದು?

ಬೆಲೆ
ಮೊದಲ ಪುಟದ ಬೆಲೆ ಎಷ್ಟೋ ಸಲ ಸಾದಾ ಗಾಜಿನದು. ಪವರ್ ಹೆಚ್ಚಿದ್ದವರು ತೆಳುವಾದ 1.67 ಅಥವಾ 1.74 ಇಂಡೆಕ್ಸ್ ಗಾಜು, ಅದರ ಮೇಲೆ ಕೋಟಿಂಗ್ ಎಂದು ಒತ್ತುತ್ತ ಹೋದರೆ ಮೊತ್ತ ಬೇರೆಯೇ ಆಗುತ್ತದೆ. ಅಂಗಡಿಯಲ್ಲೂ ಅದೇ ಇಂಡೆಕ್ಸ್, ಅದೇ ಕೋಟಿಂಗ್ ಕೇಳಿ ಹೋಲಿಸಬೇಕು. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿ ತಿದ್ದುವ ಕನ್ನಡಕದ ಜಿ.ಎಸ್‌.ಟಿ. ಶೇ 12ರಿಂದ 5ಕ್ಕೆ ಇಳಿದಿದೆ. ಈ ಲಾಭ ಎರಡೂ ಕಡೆಯ ಗಿರಾಕಿಗೆ ಸಿಗಬೇಕಾದದ್ದು.

ಮರಳಿ ಬೀದಿಗೆ
ಅಮೆರಿಕದ ಕನ್ನಡಕ ಕಂಪನಿ ವಾರ್ಬಿ ಪಾರ್ಕರ್ 2010ರಲ್ಲಿ ಆನ್‌ಲೈನಿನಲ್ಲಿ ಶುರುವಾಗಿ 2013ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆಯಿತು. ನಮ್ಮ ಲೆನ್ಸ್‌ಕಾರ್ಟ್ ಕೂಡ ಅದೇ ದಾರಿ ಹಿಡಿದು ಊರೂರಿನಲ್ಲಿ ಮಳಿಗೆ ಮಾಡಿದೆ. ಫೋನಿನಲ್ಲೇ ಎಲ್ಲವೂ ಮುಗಿಯುವಂತಿದ್ದರೆ ಇಷ್ಟು ಬಾಡಿಗೆ ಯಾಕೆ ಕಟ್ಟುತ್ತಿದ್ದರು? ಮುಖವನ್ನು ಎದುರಿಗೆ ಕೂರಿಸಿಕೊಂಡು ನೋಡುವ ಅಗತ್ಯ ಇನ್ನೂ ಹೋಗಿಲ್ಲ ಎಂದೇ ನನಗನ್ನಿಸುತ್ತದೆ.

ಒಂದು ಅಧ್ಯಯನ
ಆನ್‌ಲೈನ್ ಕನ್ನಡಕಗಳ ಬಗ್ಗೆ 2011ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 10 ಆನ್‌ಲೈನ್ ಮಾರಾಟಗಾರರಿಂದ ಬಂದ 154 ಕನ್ನಡಕಗಳಲ್ಲಿ ಶೇ 44.8ರಷ್ಟು, ಅಳತೆಯಲ್ಲೋ ಪೆಟ್ಟು ತಾಳುವ ಪರೀಕ್ಷೆಯಲ್ಲೋ ಒಂದಾದರೂ ಕಡೆ ಸೋತಿದ್ದವು. ಹಳೆಯ ಅಂಕಿ, ಬೇರೆ ದೇಶದ್ದು. ಇದೊಂದನ್ನೇ ಹಿಡಿದು ಇಂದಿನ ಎಲ್ಲರನ್ನೂ ತೂಗುವುದು ನ್ಯಾಯವಲ್ಲ. ಎಲ್ಲಿ ಕೊಂಡರೂ ಬಂದ ಕನ್ನಡಕವನ್ನು ಪರೀಕ್ಷಿಸಿ ನೋಡಬೇಕೆಂಬ ಪಾಠವಂತೂ ಇದರಲ್ಲಿದೆ.

ತೀರ್ಮಾನ
ನನ್ನ ಪ್ರೊಗ್ರೆಸಿವ್ ಕನ್ನಡಕವನ್ನು ಅಂಗಡಿಯಲ್ಲೇ ಮಾಡಿಸುತ್ತೇನೆ. ಮಂಚದ ಪಕ್ಕಕ್ಕೊಂದು ಬರೀ ಓದುವ ಕನ್ನಡಕ ಬೇಕು. ಅದನ್ನು ಆನ್‌ಲೈನಿನಲ್ಲಿ ತರಿಸುತ್ತೇನೆ. ಪವರ್ ಎರಡು ಮೂರರೊಳಗಿದ್ದು, ಒಂದೇ ನೋಟದ ಗಾಜಾಗಿದ್ದು, ಪಿ.ಡಿ. ಸರಿಯಾಗಿ ಗೊತ್ತಿದ್ದರೆ ತರಿಸಲು ಹೆದರಬೇಕಿಲ್ಲ. ಹೆಚ್ಚಿನ ಪವರಿನವರು, ಎರಡು ಕಣ್ಣಿನ ಪವರಿನಲ್ಲಿ ಬಹಳ ಅಂತರವಿರುವವರು ಎದುರಿಗೆ ಕುಳಿತೇ ಅಳತೆ ಕೊಡಲಿ. ಮಕ್ಕಳ ವಿಷಯದಲ್ಲಂತೂ ಅಂಗಡಿಯೇ ಸರಿ. ಫ್ರೇಮ್ ಮೂಗಿನಿಂದ ಜಾರಿದರೆ ಮಗು ಗಾಜಿನ ಮೇಲಿನಿಂದ ನೋಡತೊಡಗುತ್ತದೆ, ಕನ್ನಡಕ ಇದ್ದೂ ಇಲ್ಲದಂತೆ.

ತರಿಸಿದ ಕನ್ನಡಕವನ್ನು ಗಾಜು ಅಳೆಯುವ ಲೆನ್ಸೋಮೀಟರ್ ಇರುವ ಕಡೆ ಕೊಟ್ಟು ಪವರ್ ಮತ್ತು ನಡುಬಿಂದು ನೋಡಿಸಿ. ಆ ಶ್ರಮಕ್ಕೆ ಹಣ ಕೇಳಿದರೆ ಸಂತೋಷವಾಗಿ ಕೊಡಿ. ಕಣ್ಣಿನ ಡಾಕ್ಟರುಗಳಲ್ಲೂ ಆಪ್ಟೋಮೆಟ್ರಿಸ್ಟರಲ್ಲೂ ಒಂದು ಬಿನ್ನಹ: ಚೀಟಿಯಲ್ಲಿ ಪಿ.ಡಿ.ಯನ್ನೂ ಬರೆದುಕೊಡಿ. ಎಲ್ಲಿ ಕೊಂಡರೂ ಆ ಅಂಕಿ ಕಣ್ಣಿನ ಒಡೆಯರದು. ಮುಂದಿನ ಸಲ ಕಣ್ಣು ತೋರಿಸಲು ಹೋದಾಗ ನೀವೂ ಕೇಳಿ ಬರೆಸಿಕೊಳ್ಳಿ.