ಕಾಲೆತ್ತುವ ವಿದ್ಯೆ

ಶೀರ್ಷಿಕೆ ಓದಿ ನಿಮಗೆ ಬೀದಿನಾಯಿ ನೆನಪಾದರೆ ತಪ್ಪು ನನ್ನದಲ್ಲ. ನಾನು ಹೇಳಹೊರಟಿರುವುದು ಸಂಗೀತದ ವಿಷಯ.

ನಮ್ಮ ಮನೆ ಲಗ್ಗೆರೆಯ ಚೌಡೇಶ್ವರಿನಗರದಲ್ಲಿ. ಒಂದು ಕಡೆ ರಿಂಗ್ ರೋಡು, ಇನ್ನೊಂದು ಕಡೆ ಪೀಣ್ಯದ ಶೆಡ್ಡುಗಳು. ಎರಡಕ್ಕೂ ಸುಮ್ಮನಿದ್ದು ಗೊತ್ತಿಲ್ಲ. ರಾತ್ರಿ ಊಟ ಮುಗಿಸಿ ನಾನು ಹೆಡ್‌ಫೋನ್ ಸಿಕ್ಕಿಸಿಕೊಂಡು, ಮಡಿಲಲ್ಲಿ ಗಿಟಾರ್, ಕಾಲಡಿಗೆ ಪೆಡಲ್ ಇಟ್ಟುಕೊಂಡು ಕೂತರೆ ಹೆಂಡತಿ ಅನ್ನುತ್ತಾಳೆ: "ಅತ್ತೆ ಹೊಲಿಗೆ ಮಿಷನ್ ತುಳಿದ್ರು, ಮಾವ ಪ್ರೆಸ್ ತುಳಿದ್ರು, ನೀವು ಇದನ್ನ ತುಳೀರಿ. ಈ ಮನೆತನಕ್ಕೆ ಕಾಲಲ್ಲೇ ಅನ್ನ ಬರೆದಿದೆ." ನನ್ನ ಮಟ್ಟಿಗೆ ಅನ್ನ ಎಂಬುದು ಸ್ವಲ್ಪ ಅತಿಶಯೋಕ್ತಿ. ಆರ್ಕೆಸ್ಟ್ರಾ ಗಿಟಾರಿನವನಿಗೆ ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವ ತನಕ ಊಟ, ಆಮೇಲೆ ಏಕಾದಶಿ.

ನನ್ನದು ಗಿಟಾರ್ ಸಿಂಥ್, ಸೆಕೆಂಡ್ ಹ್ಯಾಂಡ್. ಬ್ರಿಡ್ಜಿನ ಪಕ್ಕ ತಂತಿಗಳ ಅಡಿಯಲ್ಲಿ ತೆಳ್ಳನೆಯ ಒಂದು ಪಿಕಪ್, ಅದರಲ್ಲಿ ಆರು ತಂತಿಗೆ ಆರು ಕಿವಿ. ಅಲ್ಲಿಂದ ಹದಿಮೂರು ಪಿನ್ನಿನ ದಪ್ಪ ಕೇಬಲ್ ಹೊರಟು ಪೆಟ್ಟಿಗೆ ಸೇರುತ್ತದೆ. ಯಾವ ತಂತಿ ಯಾವ ಸ್ವರ ನುಡಿಯಿತೆಂದು ಪೆಟ್ಟಿಗೆ ಆಲಿಸಿ, ಅದನ್ನೇ ಕೊಳಲೋ ಪಿಟೀಲೋ ಮಾಡಿ ಹೊರಗೆ ಬಿಡುತ್ತದೆ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಅಲುಗುತ್ತದೆ. ಒಂದು ಅಲುಗಾಟಕ್ಕೇ 12 ಮಿಲಿಸೆಕೆಂಡು. ಒಂದೆರಡು ಸಲ ಅಲುಗುವುದನ್ನು ನೋಡದೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಹಾಗಾಗಿ ಮಂದ್ರದ ಸ್ವರಗಳು ಮದುವೆಗೆ ಬರುವ ಸೋದರಮಾವನ ಹಾಗೆ ಒಂದು ಗಳಿಗೆ ತಡ.

ಆ ಪೆಟ್ಟಿಗೆಯಲ್ಲಿ ಆರ್ಪೆಜಿಯೇಟರ್ ಎಂಬುದೊಂದಿದೆ. ಕಾರ್ಡ್ ಕೊಟ್ಟರೆ ಅದರ ಸ್ವರಗಳನ್ನು ಬಿಡಿಸಿ, ಒಂದಾದ ಮೇಲೊಂದು, ಲಯಕ್ಕೆ ಸರಿಯಾಗಿ ಉದುರಿಸುತ್ತ ಹೋಗುತ್ತದೆ. ಆದರೆ ಗಿಟಾರಿನ ತಂತಿಗೆ ಆಯುಸ್ಸು ಕಡಿಮೆ. ನಾದ ಆರಿದರೆ, ಎಡಗೈ ಕದಲಿದರೆ ಉದುರುವುದೂ ನಿಲ್ಲುತ್ತದೆ. ಅದಕ್ಕೇ ಹೋಲ್ಡ್ ಪೆಡಲ್. ಕಾರ್ಡ್ ಮೀಟಿ ಒತ್ತಿದರೆ ಪೆಟ್ಟಿಗೆ ಅದನ್ನು ಹಿಡಿದುಕೊಳ್ಳುತ್ತದೆ, ಕೈ ಬಿಡುವಾಗುತ್ತದೆ. ಹಿಂದೆ ಸ್ವರಗಳು ಉದುರುತ್ತಿರಲು ಮೇಲೆ ಬರಿಯ ಗಿಟಾರಿನಲ್ಲಿ ರಾಗ ನುಡಿಸಬಹುದು. ಕೀಬೋರ್ಡಿನವನ ಸಂಬಳ ಉಳಿಯಿತೆಂದು ಆರ್ಕೆಸ್ಟ್ರಾ ಯಜಮಾನರಿಗೆ ಖುಷಿ.

ಆ ಖುಷಿ ಒಂದು ಗಣೇಶನ ಪೆಂಡಾಲಿನಲ್ಲಿ ಮುಗಿಯಿತು. 1983ರ 'ಪಲ್ಲವಿ ಅನುಪಲ್ಲವಿ'ಯ ಇಳಯರಾಜ ಹಾಡು, ಗಿಟಾರೇ ಅದರ ಜೀವ. ಕಾರ್ಡ್ ಮೀಟುವಾಗ ಕಿರುಬೆರಳು ಪಕ್ಕದ ತಂತಿಗೆ ತಗುಲಿತು, ಅದೇ ಗಳಿಗೆಗೆ ಕಾಲು ಒತ್ತಿತು. ಬರಿಯ ಗಿಟಾರಿನಲ್ಲಾಗಿದ್ದರೆ ಅರೆಕ್ಷಣದಲ್ಲಿ ಸತ್ತುಹೋಗುತ್ತಿದ್ದ ಅಪಸ್ವರ. ಈಗ ಅದು ಲಯಬದ್ಧವಾಗಿ, ನಾಲ್ಕು ಸ್ವರಕ್ಕೊಮ್ಮೆ ಪಾಳಿಯ ಮೇಲೆ ಬಂದು ಹಾಜರಿ ಹಾಕತೊಡಗಿತು. ಕಾಲೆತ್ತಿದರೆ ಮುಗಿಯುತ್ತಿತ್ತು. ಎತ್ತಿದರೆ ನಡುಹಾಡಿನಲ್ಲಿ ಮೌನ ಬೀಳುತ್ತದಲ್ಲ ಎಂದು ಹೆದರಿ ಇನ್ನೂ ಬಲವಾಗಿ ಒತ್ತಿದೆ. ಗಾಯಕಿ ತಿರುಗಿ ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ.

ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ. ಸಂಗೀತದ ಗಂಧಗಾಳಿ ಇಲ್ಲದವನು. ಪ್ರಸಾದದ ದೊನ್ನೆ ಹಿಡಿದು ಮನೆಗೆ ನಡೆಯುವಾಗ ಹೇಳಿದ: "ಕಾಲು ಎತ್ತಬೇಕಿತ್ತು ಕಣೋ. ಒತ್ತೋದು ಯಾರಿಗೆ ಬರಲ್ಲ?"

ಅವನು ಪೀಣ್ಯದಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದವನು. ಆ ಹಳೆಯ ಪ್ರೆಸ್ಸುಗಳಲ್ಲಿ ಫ್ಲೈವೀಲ್ ಸದಾ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದರೆ ಕ್ಲಚ್ಚು ಕಚ್ಚಿ ಡೈ ಒಮ್ಮೆ ಕೆಳಗಿಳಿದು ತಗಡನ್ನು ಕತ್ತರಿಸಿ ಮೇಲೇರುತ್ತದೆ. ತಕ್ಷಣ ಕಾಲೆತ್ತಿದರೆ ಅಲ್ಲೇ ನಿಲ್ಲುತ್ತದೆ. ಎತ್ತದಿದ್ದರೆ ಮತ್ತೆ ಇಳಿಯುತ್ತದೆ, ಮತ್ತೆ, ಮತ್ತೆ. ಆ ಹೊತ್ತಿಗೆ ಕೈ ತಗಡು ತೆಗೆಯಲು ಒಳಗೆ ಹೋಗಿರುತ್ತದೆ. ನಮ್ಮ ಬೀದಿಯಲ್ಲಿ ಎಂಟು ಬೆರಳಿನವರು, ಒಂಬತ್ತು ಬೆರಳಿನವರು ಇದ್ದರು. ಚಿಕ್ಕಂದಿನಲ್ಲಿ ಅವರು ಕೈ ಚಾಚಿ ಪೆಪ್ಪರ್‌ಮಿಂಟ್ ಕೊಟ್ಟರೆ ನಾನು ಮೊದಲು ಬೆರಳೆಣಿಸುತ್ತಿದ್ದೆ.

ಆಮೇಲೆ ಓದಿದಾಗ ತಿಳಿಯಿತು, ಅಪ್ಪನದು ಒಂಟಿ ಅಭಿಪ್ರಾಯವಲ್ಲ. 1777ರಲ್ಲಿ ಮೊಜಾರ್ಟ್ ಆಗ್ಸ್‌ಬರ್ಗ್‌ನಲ್ಲಿ ಸ್ಟೈನ್ ಎಂಬವನು ಮಾಡಿದ ಪಿಯಾನೋಗಳನ್ನು ನುಡಿಸಿ ತನ್ನ ಅಪ್ಪನಿಗೆ ಕಾಗದ ಬರೆದ. ಅವುಗಳಲ್ಲಿ ನಾದ ಹಿಡಿದಿಡುವುದು ಕಾಲಿನ ಕೆಲಸವಲ್ಲ, ಮಂಡಿಯದು. ಕೀಲಿಮಣೆಯ ಅಡಿಯಲ್ಲಿ ಒಂದು ಸನ್ನೆ. ಮಂಡಿ ಸೋಕಿದರೆ ಸಾಕು, ಕೆಲಸ ಮಾಡುತ್ತದೆ ಎಂದು ಹೊಗಳಿದ ಮೊಜಾರ್ಟ್, ಮಂಡಿ ತುಸು ಸರಿಸಿದರೆ ಒಂದಿಷ್ಟೂ ಗುಂಗು ಉಳಿಯುವುದಿಲ್ಲ ಎಂಬುದನ್ನೂ ಮರೆಯದೆ ಸೇರಿಸಿದ. ಸರಿಯಾಗಿ ಇನ್ನೂರು ವರ್ಷಕ್ಕೆ, 1977ರಲ್ಲಿ, ಜಪಾನಿನ ರೋಲ್ಯಾಂಡ್ ಕಂಪನಿ ತನ್ನ ಮೊದಲ ಗಿಟಾರ್ ಸಿಂಥ್ ಜಿಆರ್-500 ತಂದಿತು. ಮುಂದೆ ಜಿಆರ್-300 ಹಿಡಿದು ಜಾಝ್ ಗಿಟಾರ್ ವಾದಕ ಪ್ಯಾಟ್ ಮೆಥೀನಿ ಅದಕ್ಕೆ ಕಹಳೆಯಂಥ ಕಂಠ ಕೊಟ್ಟರು.

ನಮ್ಮ ಗಾಯಕಿಗೆ ಇದೆಲ್ಲ ಹೇಳಿದರೆ ಮೂಗು ಮುರಿದಳು. "ಸ್ವರ ಒಂದೊಂದಾಗಿ ಮೀಟೋದು, ಯಾವುದನ್ನೂ ಆರೋಕೆ ಬಿಡದೆ ಇರೋದು. ತಂಬೂರಿ ತಾನೇ?" ಮಾತು ನಿಜ. ಪಂಚಮ, ಸಾರಣೆ, ಅನುಸಾರಣೆ, ಮಂದ್ರ. ನಾಲ್ಕು ತಂತಿ, ಒಂದರ ಬಾಲ ಇನ್ನೊಂದರ ತಲೆ. ಅದನ್ನೂ ಪೆಟ್ಟಿಗೆಗೆ ಇಳಿಸಿದ್ದು ನಮ್ಮೂರಿನವರೇ: ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಕೊಳಲು ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್, 1979ರ ಸುಮಾರಿಗೆ. ಅವರ ರೇಡೆಲ್ ಕಂಪನಿಯ ಆ ಪೆಟ್ಟಿಗೆ ಈಗ ಸಂಗೀತದ ಮೇಷ್ಟ್ರುಗಳ ಮನೆಮನೆಯಲ್ಲೂ ಗುಂಯ್ಗುಡುತ್ತದೆ. ಆದರೆ ತಂಬೂರಿಗೆ ಕಾಲಿನ ಚಿಂತೆ ಇಲ್ಲ. ಕಛೇರಿ ಮುಗಿಯುವ ತನಕ ಶ್ರುತಿ ಒಂದೇ, ಬಿಡುವ ಪ್ರಶ್ನೆಯೇ ಏಳದು. ನನ್ನ ಹಾಡಿನಲ್ಲಿ ಎರಡು ಆವರ್ತಕ್ಕೊಮ್ಮೆ ಕಾರ್ಡ್ ಬದಲು. ಹಳೆಯದನ್ನು ಬಿಡದೆ ಹೊಸದನ್ನು ಹಿಡಿದರೆ ಚಿತ್ರಾನ್ನ.

ಹಾಗಾಗಿ ರಾತ್ರಿ ಹೊತ್ತು ನಾನು ಅಭ್ಯಾಸ ಮಾಡುವುದು ಕೈಯನ್ನಲ್ಲ. ಎತ್ತು, ಮೀಟು, ಒತ್ತು. ಮೀಟುವುದಕ್ಕೆ ಕೂದಲೆಳೆ ಮೊದಲು ಎತ್ತಬೇಕು, ಮೀಟಿದ ಕೂದಲೆಳೆ ಆಮೇಲೆ ಒತ್ತಬೇಕು. ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿರುತ್ತಾನೆ. ಹೆಡ್‌ಫೋನ್ ನನ್ನ ಕಿವಿಗಿರುವುದರಿಂದ ಅವನಿಗೆ ಕೇಳಿಸುವುದು ಪೆಡಲಿನ ಟಕ್ ಟಕ್ ಒಂದೇ. ತಡವಾಗಿ ಎತ್ತಿದ ದಿನ ಅಲ್ಲಿಂದಲೇ ಕೆಮ್ಮುತ್ತಾನೆ.

ಮೂವತ್ತೊಂದು ವರ್ಷ ಪ್ರೆಸ್ ತುಳಿದು, ಹತ್ತು ಬೆರಳಿನ ಸಮೇತ ರಿಟೈರ್ ಆದವನು ಅವನು.