ಅಪಹರಣದ ಮೇಲೆ ಮದುವೆಯ ವಾಲಗ

2007ರ ಕಿರ್ಗಿಜ್ ಸಿನಿಮಾ ‘ಬೋಜ್ ಸಾಲ್ಕಿನ್’ ಇವತ್ತು ಬೆಳಗ್ಗೆಯಿಂದ ತಲೆಯಲ್ಲಿ ಕೂತಿದೆ. ಪಟ್ಟಣದ ಹುಡುಗಿಯನ್ನು ಬೇರೆ ಯಾರೋ ಅಂದುಕೊಂಡು ಕುರಿ ಕಾಯುವವನೊಬ್ಬನಿಗೆ ಮದುವೆ ಮಾಡಿಸಲು ಹೊತ್ತೊಯ್ಯುತ್ತಾರೆ. ಕೊನೆಗೆ ಅವಳಿಗೆ ಅವನ ಮೇಲೇ ಪ್ರೀತಿ! ಬೆಟ್ಟ, ಹುಲ್ಲುಗಾವಲು ಎಷ್ಟು ಚೆಂದ ಅಂದ್ರೆ ಅಪರಾಧವೇ ಮರೆತುಹೋಗುತ್ತೆ. ‘ಅಂಥ ಮದುವೆಗಳೂ ಬಾಳಿವೆಯಲ್ಲ, ಇದ್ದದ್ದನ್ನೇ ತೋರಿಸಿದ್ದಾರೆ’ ಅನ್ನಬಹುದು. ಬಾಳಿವೆ, ನಿಜ. ಆದರೆ ಹೊತ್ತೊಯ್ದವನ ಮನೆಯಲ್ಲಿ ಒಂದು ರಾತ್ರಿ ಕಳೆದವಳು ತವರಿಗೆ ಮರಳಿದರೆ ಕಳಂಕ; ಉಳಿದದ್ದನ್ನೇ ಒಪ್ಪಿಗೆ ಅಂತ ಲೆಕ್ಕ ಹಿಡಿದರೆ ಹೇಗೆ? 2013ರಲ್ಲೇ ಕಿರ್ಗಿಸ್ತಾನದಲ್ಲಿ ಇಂಥ ಅಪಹರಣಕ್ಕೆ ಶಿಕ್ಷೆ ಹೆಚ್ಚಿಸಿದರು. ಆದರೂ 2018ರಲ್ಲಿ ಒಬ್ಬ ವಿದ್ಯಾರ್ಥಿನಿಯನ್ನು, ಹೊತ್ತೊಯ್ದವನೇ ಪೊಲೀಸ್ ಠಾಣೆಯೊಳಗೆ ಕೊಂದ. ಒಲ್ಲೆ ಅಂದವಳು ಮನೆಗೆ ಮರಳಿ ನೆಮ್ಮದಿಯಾಗಿ ಬದುಕುವ ಸಿನಿಮಾ ಯಾರಾದರೂ ನೋಡಿದ್ದೀರಾ? ಹೆಸರು ಹೇಳಿ.